ನಿಲ್ಸಪ್ಪನವರ ಮನೆಗಾಡಿ ಎಲ್ಲಾ ಸ್ಟಾಪಿನಲ್ಲೂ ನಿಂತದ್ದು

ಬಸ್ ಡ್ರೈವರನಿಗೆ ನಿವೃತ್ತಿ ಸಿಗುತ್ತದೆ, ಅವನ ಬಲಗಾಲಿಗೆ ಸಿಗುವುದಿಲ್ಲ. ಯಾವ ಆದೇಶದಲ್ಲೂ ಈ ಸಂಗತಿ ಬರೆದಿಲ್ಲವಾದ್ದರಿಂದ ನಿಲ್ಸಪ್ಪನವರಿಗೂ ಇದು ತಿಳಿದಿರಲಿಲ್ಲ.

ಮೂವತ್ತೊಂದು ವರ್ಷ ಒಂದೇ ಡಿಪೋ, ಒಂದೇ ರೂಟು. ಸ್ಟಾಪುಗಳಲ್ಲಿ ನಿಲ್ಲಿಸುವುದಿರಲಿ, ದಾರಿಯಲ್ಲಿ ಕೈ ಎತ್ತಿದವರಿಗೆಲ್ಲ ಅವರು ನಿಲ್ಲಿಸುತ್ತಿದ್ದರು. ಮೈಮುರಿಯಲು ಕೈ ಎತ್ತಿದವರಿಗೂ ನಿಲ್ಲಿಸಿ, ಅವರು ಹತ್ತುವುದಿಲ್ಲ ಎಂದಾಗ ಬೇಸರಪಟ್ಟುಕೊಳ್ಳುತ್ತಿದ್ದರು. ಜನ "ನಿಲ್ಸಪ್ಪಾ, ನಿಲ್ಸಪ್ಪಾ" ಎಂದು ಕೂಗಿ ಕೂಗಿ ಅದನ್ನೇ ಅವರ ಹೆಸರು ಮಾಡಿಬಿಟ್ಟಿದ್ದರು. ನಿವೃತ್ತರಾಗಿ ಎರಡು ವರ್ಷವಾದರೂ, ಟಿವಿಯಲ್ಲಿ ಯಾರಾದರೂ ರಸ್ತೆ ದಾಟಿದರೆ ಸಾಕು, ಕುರ್ಚಿಯಲ್ಲಿ ಕೂತವರ ಬಲಗಾಲು ನೆಲ ಒತ್ತುತ್ತಿತ್ತು. ಆ ಜಾಗದಲ್ಲಿ ನೆಲದ ಬಣ್ಣ ಹೋಗಿ ಸಿಮೆಂಟು ಕಾಣುತ್ತಿತ್ತು.

ಅದೇ ಬಸ್ಸಿನ ಕಂಡಕ್ಟರು ಅವರ ಹೆಂಡತಿ. ದಿನಕ್ಕೆ ಸಾವಿರ ಸಲ "ರೈಟ್, ರೈಟ್" ಎಂದದ್ದಕ್ಕೆ ರೈಟಮ್ಮ. ಇಪ್ಪತ್ತೊಂಬತ್ತು ವರ್ಷ ಜನರ ಕಡೆ ಮುಖ, ರಸ್ತೆಯ ಕಡೆ ಬೆನ್ನು. ಇದರ ಪರಿಣಾಮ ಏನಾಯಿತೆಂಬುದು ನಿವೃತ್ತಿಯಾದ ಮೇಲೆ ಒಂದು ದಿನ ತರಕಾರಿ ಹೆಚ್ಚುವಾಗ ಗೊತ್ತಾಯಿತು.

"ನಮ್ಮ ರೂಟಲ್ಲಿ ಕೆರೆ ಇತ್ತಾ?" ಎಂದರು ರೈಟಮ್ಮ, ಚಾಕು ಕೆಳಗಿಟ್ಟು.

"ಇತ್ತಲ್ಲ. ಆರನೇ ಸ್ಟಾಪ್ ದಾಟಿದ ಮೇಲೆ. ದೊಡ್ಡ ಕೆರೆ."

"ಒಂದಿನಾನೂ ಹೇಳ್ಲಿಲ್ವಲ್ರೀ!"

ನಿಲ್ಸಪ್ಪನವರು ಯೋಚಿಸಿದರು. "ಅಲ್ಲಿ ಸ್ಟಾಪ್ ಇರ್ಲಿಲ್ಲ ಕಣೇ. ಯಾರೂ ಕೈಯೂ ಎತ್ಲಿಲ್ಲ."

ಆ ಕೆರೆಯನ್ನು ಈಗಲಾದರೂ ಹೋಗಿ ನೋಡಬಹುದಿತ್ತು. ಆದರೆ ಅದರ ಮೇಲೆ ಬಡಾವಣೆ ಎದ್ದು ಹನ್ನೆರಡು ವರ್ಷವಾಗಿತ್ತು. ಅಷ್ಟರಲ್ಲಿ ರೈಟಮ್ಮನವರ ಕಣ್ಣೂ ಕೈಕೊಡಲು ಶುರುಮಾಡಿತ್ತು. ಸುತ್ತಲಿನದು ಕಪ್ಪಾಗಿ, ನಡುವೆ ಒಂದಿಷ್ಟು ಬೆಳಕು, ಕೊಳವೆಯೊಳಗಿಂದ ನೋಡಿದ ಹಾಗೆ. ಕೊಳವೆ ತಿಂಗಳು ತಿಂಗಳಿಗೂ ಸಣ್ಣದಾಗುತ್ತಿತ್ತು. ಊರಿನ ಡಾಕ್ಟರು ದಕ್ಷಿಣದ ಶಹರದಲ್ಲಿರುವ ಕಣ್ಣಿನ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. "ಇರೋದನ್ನ ಉಳಿಸೋಕೆ ಅವರು ಪ್ರಯತ್ನ ಮಾಡ್ತಾರೆ. ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ" ಎಂದರು. ಆಪರೇಷನ್ನಿಗೆ ತಾರೀಖೂ ಬಂತು.

ಶಹರದ ಹೆಸರು ಕೇಳಿದೊಡನೆ ರೈಟಮ್ಮನವರಿಗೆ ಡಿಪೋದ ಟಿಕೆಟ್ ಕೋಣೆಯ ಗೋಡೆ ನೆನಪಾಯಿತು. ಅಲ್ಲಿ ವರ್ಷಗಟ್ಟಲೆ ನೇತಾಡುತ್ತಿದ್ದ ಹಳೇ ಕ್ಯಾಲೆಂಡರಿನಲ್ಲಿ ಆ ಊರಿನ ಸೇತುವೆಯ ಚಿತ್ರವಿತ್ತು. ದೋಣಿಗೆ ದಾರಿಬಿಡಲು ಸೇತುವೆ ನಡುವೆ ಸೀಳಿಕೊಂಡು, ಎರಡು ರೆಕ್ಕೆ ಆಕಾಶಕ್ಕೆ ಎತ್ತಿ ನಿಂತಿತ್ತು. ದಿನಕ್ಕೆ ಒಂದೇ ಸಲ, ಸಂಜೆ ಐದೂವರೆಗೆ ತೆರೆಯುತ್ತದಂತೆ.

"ಒಂದಿನ ಮುಂಚೆ ಹೋಗೋಣ. ಅದೊಂದು ನೋಡ್ಕೊಂಡು ಒಳಗೆ ಹೋಗ್ತೀನಿ. ಆಮೇಲೆ ಏನಾದ್ರೂ ಆಗ್ಲಿ" ಎಂದರು ರೈಟಮ್ಮ.

ಕೇಳಿದ್ದು ಇಷ್ಟೇ. ಬೇರೆ ಗಂಡಸಾಗಿದ್ದರೆ ರೈಲಿಗೆ ಟಿಕೆಟ್ ತೆಗೆಸುತ್ತಿದ್ದ. ನಿಲ್ಸಪ್ಪನವರು ಇನ್ನೊಬ್ಬ ಓಡಿಸುವ ಗಾಡಿಯಲ್ಲಿ ಕೂತರೆ ಅವರ ಕಾಲಿಗೆ ಸಂಕಟವಾಗುತ್ತದೆ. ಡಿಪೋದವರು ಗುಜರಿಗೆ ಹಾಕಿದ್ದ ಸಣ್ಣ ಬಸ್ಸೊಂದನ್ನು ಕೊಂಡು, ಬಡಗಿಯನ್ನು ಕರೆಸಿ ಸೀಟೆಲ್ಲ ಕೀಳಿಸಿದರು. ಕಿಟಕಿಗಳ ಕೆಳಗೆ ಎರಡು ಮಂಚ, ಹಿಂದೆ ಒಲೆ, ಮೂಲೆಯಲ್ಲಿ ಪರದೆ ಕಟ್ಟಿದ ಬಚ್ಚಲು. ಬೀದಿಯವರಿಗೆ ಕಣ್ಣಿನ ವಿಚಾರ ಹೇಳಲಿಲ್ಲ. "ಪ್ರವಾಸ ಹೊರಟಿದ್ದೀವಿ" ಎಂದರು.

"ಈ ವಯಸ್ಸಲ್ಲಿ ಶೋಕಿ ನೋಡು" ಎಂದ ಪಕ್ಕದ ಮನೆ ಟೈಲರ್, ಅವರಿಗೆ ಕೇಳಿಸುವಷ್ಟು ಮೆಲ್ಲಗೆ.

ಅಷ್ಟಕ್ಕೇ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬೀಳ್ಕೊಡಲು ಬಂದ ರೈಟಮ್ಮನವರ ತಮ್ಮ ಗಾಡಿಯನ್ನು ಎರಡು ಸುತ್ತು ಹಾಕಿ, ಮುಂದಿನ ಗಾಜಿನ ಮೇಲಿದ್ದ ಖಾಲಿ ಬೋರ್ಡನ್ನು ನೋಡಿ ನಕ್ಕ.

"ಭಾವ, ಬೋರ್ಡಲ್ಲಿ ಏನೂ ಇಲ್ವಲ್ಲ. ಬೋರ್ಡಿಲ್ಲದ ಬಸ್ಸು ಅಂದ್ರೆ ಷೆಡ್ಡಿಗೆ ಹೋಗೋದು ತಾನೇ?"

ಟೈಲರನೂ ನಕ್ಕ. ನಿಲ್ಸಪ್ಪನವರು ಒಳಗೆ ಹೋಗಿ ಬಣ್ಣದ ಡಬ್ಬಿ ತಂದು, ಏಣಿ ಹತ್ತಿ, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 'ಸೇತುವೆ' ಎಂದು ಬರೆದರು. ಹೋಗುತ್ತಿದ್ದದ್ದು ಅಲ್ಲಿಗೇ ಆದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇಂಥ ನಿಜವೇ ಮನುಷ್ಯನನ್ನು ಹಳ್ಳಕ್ಕೆ ಕೆಡವುವುದು.

ಎರಡು ದಿನದ ಹೆದ್ದಾರಿಯಲ್ಲಿ ತೊಂದರೆಯಾಗಲಿಲ್ಲ, ಏಕೆಂದರೆ ಅಲ್ಲಿ ಸ್ಟಾಪುಗಳಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಶಹರ ಶುರುವಾಯಿತು. ಮೊದಲನೇ ತಿರುವಿನಲ್ಲಿ ಒಂದು ತಗಡಿನ ನೆರಳು, ಕಂಬ, ಕಂಬದ ಕೆಳಗೆ ಕಾಯುವ ಜನ. ಬಲಗಾಲು ಯಾರನ್ನೂ ಕೇಳಲಿಲ್ಲ. ಗಾಡಿ ನಿಂತಿತು. ಎಡಗೈ ಬಾಗಿಲಿನ ಹಿಡಿ ಎಳೆಯಿತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಸೇತುವೆಗೆ ಹೋಗುತ್ತೇನಪ್ಪಾ?"

"ಹೋಗುತ್ತೆ."

ಹಿಂದೆ ಒಲೆಯ ಹತ್ತಿರ ಟೀ ಸೋಸುತ್ತಿದ್ದ ರೈಟಮ್ಮ ತಲೆಯೆತ್ತದೆ, "ಒಳಗೆ ಬನ್ನಿ, ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಬೇಡಿ! ರೈಟ್!" ಎಂದರು. ಆರು ಜನ ಹತ್ತಿದ ಮೇಲೆ ಅವರ ಕೈಯಲ್ಲಿ ಸೋಸುವ ಜಾಲರಿ ಹಾಗೇ ನಿಂತಿತು. ಮುಂದಕ್ಕೆ ನುಗ್ಗಿ ಬಂದರು.

"ರೀ, ಯಾರ್ರೀ ಇವ್ರು?"

"ಪ್ಯಾಸೆಂಜರು."

"ನಮ್ಮ ಮನೇಲಾ?"

"ಈಗ ಏನ್ಮಾಡ್ಲಿ? ನಡುರಸ್ತೇಲಿ ಇಳಿಸೋ ಹಾಗಿಲ್ಲ. ಮುಂದಿನ ಸ್ಟಾಪಲ್ಲಿ ಹೇಳಿ ಇಳಿಸ್ತೀನಿ."

ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿದರು. ಹೇಳುವಷ್ಟರಲ್ಲಿ ಇನ್ನೂ ನಾಲ್ವರು ಹತ್ತಿದರು. ಅವರನ್ನು ಇಳಿಸಲು ಅದರ ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿದರು. ಹೀಗೆ ಇಳಿಸುವ ಪ್ರಾಮಾಣಿಕ ಪ್ರಯತ್ನದಲ್ಲೇ ಅರ್ಧ ಗಂಟೆಯೊಳಗೆ ಹದಿನೇಳು ಜನ ತುಂಬಿದರು. ಮಂಚದ ಮೇಲೆ ಎಂಟು ಜನ. ಬುಟ್ಟಿಯ ಮುದುಕಿ ದಿಂಬಿಗೆ ಒರಗಿದಳು. ಬಗಲಲ್ಲಿ ಫೈಲು ಹಿಡಿದ ಗುಮಾಸ್ತರೊಬ್ಬರು ನೀರಿನ ಡ್ರಮ್ಮಿನ ಮೇಲೆ ಕೂತರು. ಒಬ್ಬ ಹೆಂಗಸು ಪರದೆ ಸರಿಸಿ ನೋಡಿ, "ಮಹಿಳೆಯರಿಗೆ ಬೇರೆ ಜಾಗ ಮಾಡಿದ್ದಾರೆ" ಎಂದು ಬಚ್ಚಲಲ್ಲಿ ನಿಂತಳು.

"ಹೊಸ ಸರ್ವೀಸು ಅಂತ ಕಾಣುತ್ತೆ. ತಲೆದಿಂಬೂ ಕೊಟ್ಟಿದ್ದಾರೆ" ಎಂದರು ಗುಮಾಸ್ತರು.

"ಕೊಟ್ಟು ಏನ್ ಪ್ರಯೋಜನ? ಈರುಳ್ಳಿ ವಾಸನೆ ಹೊಡೀತಿದೆ" ಎಂದಿತು ಇನ್ನೊಂದು ದನಿ.

"ಕಂಡಕ್ಟರಮ್ಮ, ಟೀ ಎಲ್ರಿಗೂ ಉಂಟಾ, ಮುಂದೆ ಕೂತವ್ರಿಗೆ ಮಾತ್ರಾನಾ?"

ಎಲ್ಲರೂ ಚಿಲ್ಲರೆ ಹಿಡಿದು ಕೈ ಚಾಚಿದರು. ರೈಟಮ್ಮ ಮುಟ್ಟಲಿಲ್ಲ. ಟಿಕೆಟ್ ಕೊಡದೆ ಕಾಸು ಮುಟ್ಟುವುದೆಂದರೆ ಅವರ ಲೆಕ್ಕದಲ್ಲಿ ಕಳ್ಳತನ. "ಬೇಡಿ, ಬೇಡಿ, ಜೇಬಲ್ಲಿಟ್ಕೊಳ್ಳಿ" ಎಂದು ಎಲ್ಲರ ಕೈ ಹಿಂದಕ್ಕೆ ತಳ್ಳಿದರು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿ, "ಗಂಟೆ ಎಷ್ಟ್ರೀ?" ಎಂದರು.

"ನಾಲ್ಕಕ್ಕೆ ಹತ್ತು ನಿಮಿಷ. ಹೇಗೂ ಎಲ್ರೂ ಸೇತುವೆಗೇ ಬರೋರು. ಐದಕ್ಕೆಲ್ಲ ಅಲ್ಲಿರ್ತೀವಿ."

ಇದು ಅವರು ಆ ದಿನ ಆಡಿದ ಕೊನೆಯ ಧೈರ್ಯದ ಮಾತು. ಮುಂದಿನ ಸ್ಟಾಪಿನಲ್ಲಿ ಖಾಕಿ ಕೋಟಿನ ಚೆಕಿಂಗ್ ಇನ್ಸ್‌ಪೆಕ್ಟರು ಹತ್ತಿದರು.

ಇನ್ಸ್‌ಪೆಕ್ಟರು ಇಪ್ಪತ್ತು ವರ್ಷದಿಂದ ಟಿಕೆಟಿಲ್ಲದವರನ್ನು ಹಿಡಿಯುತ್ತಿದ್ದರು. ಒಬ್ಬ, ಇಬ್ಬರು, ಹೆಚ್ಚೆಂದರೆ ಮೂವರು. ಹದಿನೇಳಕ್ಕೆ ಹದಿನೇಳೂ ಖಾಲಿ ಕೈ ತೋರಿಸಿದಾಗ ಅವರು ಒಂದು ಗಳಿಗೆ ಡ್ರಮ್ಮಿಗೆ ಆತುಕೊಂಡರು. ಆಮೇಲೆ ರೈಟಮ್ಮನವರ ಕಡೆ ತಿರುಗಿದರು.

"ಯಾವ ಡಿಪೋ?"

ರೈಟಮ್ಮ ಅಭ್ಯಾಸಬಲದಿಂದ ತಮ್ಮ ಡಿಪೋದ ನಂಬರು ಹೇಳಿದರು.

"ಆ ನಂಬರಿನ ಡಿಪೋನೇ ಇಲ್ಲ ಈ ಊರಲ್ಲಿ."

"ಸಾರ್, ಇದು ಬಸ್ಸಲ್ಲ. ನಮ್ಮ ಮನೆ" ಎಂದರು ನಿಲ್ಸಪ್ಪನವರು.

"ಮನೇನಾ? ಮನೇಲಿ ಇಷ್ಟು ಜನ ಯಾರು?"

ಇಲ್ಲಿ ಪ್ರಯಾಣಿಕರಿಗೆ ಕರುಣೆ ಬಂತು. ಕರುಣೆ ಬಂದ ಜನ ಸುಮ್ಮನೆ ಕೂರುವುದಿಲ್ಲ. ಟೀಯ ಲೋಟ ಕೈಯಲ್ಲಿದ್ದ ಮುದುಕಿ, "ನಾನು ಇವನ ಅಕ್ಕ. ಎತ್ತಿ ಆಡಿಸಿದ ಕೂಸು ಇವನು" ಎಂದಳು. ಕಿಟಕಿಯ ಕಡೆಯವನು ತಾನು ಷಡ್ಡಕ ಎಂದ. ಬಚ್ಚಲಿನಿಂದ ಒಂದು ದನಿ "ನಾದಿನಿ" ಎಂದಿತು. ಎಲ್ಲ ಸಂಬಂಧಗಳೂ ಖರ್ಚಾಗುತ್ತಿದ್ದದ್ದನ್ನು ಕಂಡ ಗುಮಾಸ್ತರು ಗಡಿಬಿಡಿಯಲ್ಲಿ ಎದ್ದು ನಿಂತರು.

"ನಾನು ಬೀಗ."

"ಮಗನ ಕಡೆಯೋ, ಮಗಳ ಕಡೆಯೋ?"

"ಮಗಳ ಕಡೆ. ಇವರ ಮಗಳು ನಮ್ಮನೆ ಸೊಸೆ."

ಇನ್ಸ್‌ಪೆಕ್ಟರು ರೈಟಮ್ಮನವರನ್ನು ನೋಡಿದರು. "ಏನಮ್ಮ, ಎಷ್ಟು ಜನ ಹೆಣ್ಮಕ್ಕಳು?"

ರೈಟಮ್ಮನವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಮಕ್ಕಳಿಲ್ಲ ಸಾರ್ ನಮಗೆ" ಎಂದರು.

ಗುಮಾಸ್ತರು ತಮ್ಮ ಚಪ್ಪಲಿ ನೋಡಿಕೊಂಡರು. "ಇದ್ದಿದ್ರೆ ತಂದ್ಕೋತಿದ್ದೆ ಅಂತ ಹೇಳ್ದೆ" ಎಂದು ಮೆಲ್ಲಗೆ ಕೂತರು.

ಗಾಡಿಯನ್ನು ಡಿಪೋಗೆ ತಿರುಗಿಸಬೇಕೆಂದು ಅಪ್ಪಣೆಯಾಯಿತು. ಬೋರ್ಡು ಒಂದು ಕಡೆ, ಬಸ್ಸು ಇನ್ನೊಂದು ಕಡೆ ಎಂದು ಹದಿನೇಳು ನೆಂಟರೂ ದಾರಿಯುದ್ದಕ್ಕೂ ಡ್ರೈವರನಿಗೆ ಬೈದರು. ಎತ್ತಿ ಆಡಿಸಿದ ಅಕ್ಕನೇ ಎಲ್ಲರಿಗಿಂತ ಜೋರಾಗಿ ಬೈದಳು.

ಡಿಪೋ ಮ್ಯಾನೇಜರರ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕೀಲಿಗಳನ್ನು ನೇತುಹಾಕಿದ ಹಲಗೆ, ಹತ್ತು ನಿಮಿಷ ಮುಂದಿರುವ ಗಡಿಯಾರ. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಮ್ಯಾನೇಜರರ ಬಳಿ ಒಂದು ಫಾರಂ ಇತ್ತು. ಅದರಲ್ಲಿ ವಾಹನ ಒಂದೋ ಡಿಪೋದ್ದಾಗಿರಬೇಕು, ಇಲ್ಲವೇ ಕಳ್ಳ ಬಸ್ಸಾಗಿರಬೇಕು. ಮನೆಗೆ ಗೆರೆ ಇರಲಿಲ್ಲ.

"ಮನೆ ಅಂತೀರಿ. ಮನೆಗೆ ಬೋರ್ಡ್ ಯಾಕೆ ಹಾಕಿದ್ರಿ?"

"ನಮ್ಮ ಭಾವಮೈದ ನಕ್ಕ ಸಾರ್."

ಮ್ಯಾನೇಜರು ಇದನ್ನು ಯಾವ ಗೆರೆಯಲ್ಲಿ ಬರೆಯುವುದೆಂದು ತಿಳಿಯದೆ ಪೆನ್ನು ಮುಚ್ಚಿದರು. "ಹೋಗ್ಲಿ. ಸ್ಟಾಪಲ್ಲಿ ಯಾಕೆ ನಿಲ್ಸಿದ್ರಿ?"

"ಸ್ಟಾಪಲ್ವಾ ಸಾರ್" ಎಂದರು ನಿಲ್ಸಪ್ಪನವರು, ಆಶ್ಚರ್ಯದಿಂದ.

ರೈಟಮ್ಮ ಒಂದು ಮೂಲೆಯಲ್ಲಿ ನಿಂತೇ ಇದ್ದರು. ಇನ್ಸ್‌ಪೆಕ್ಟರು ವರದಿ ಬರೆಯುತ್ತಿದ್ದ ಕಾಗದದ ಕಡೆಗೇ ಅವರ ಕಣ್ಣು. "ಕಂಡಕ್ಟರ್ ಅಂತ ಬರೀಬೇಡಿ ಸಾರ್. ಇಪ್ಪತ್ತೊಂಬತ್ತು ವರ್ಷದಲ್ಲಿ ನಂಗೆ ಒಂದೂ ಮೆಮೊ ಬಂದಿಲ್ಲ" ಎಂದರು.

"ಸಾರ್, ನಾಳೆ ಬೆಳಿಗ್ಗೆ ಎಂಟಕ್ಕೆ ಇವಳಿಗೆ ಕಣ್ಣಿನ ಆಪರೇಷನ್ನು. ಅದಕ್ಕೆ ಮುಂಚೆ ಸೇತುವೆ ನೋಡ್ಬೇಕು ಅಂದ್ಲು. ಅಷ್ಟಕ್ಕೆ ಬಂದ್ವಿ" ಎಂದರು ನಿಲ್ಸಪ್ಪನವರು.

"ಸಿಕ್ಕಿಬಿದ್ದೋರೆಲ್ಲ ಆಸ್ಪತ್ರೆ ಅಂತಾನೇ ಹೇಳೋದು" ಎಂದರು ಇನ್ಸ್‌ಪೆಕ್ಟರು, ತಲೆಯೆತ್ತದೆ.

ರೈಟಮ್ಮ ಚೀಲದಿಂದ ಡಾಕ್ಟರ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮೇಜಿನ ಮೇಲೆ ಇಡುತ್ತಿದ್ದೇನೆಂದುಕೊಂಡು ಅಂಚಿನಾಚೆ ಇಟ್ಟರು. ಕಾಗದ ಕೆಳಗೆ ಬಿತ್ತು. ಇನ್ಸ್‌ಪೆಕ್ಟರು ಬಗ್ಗಿ ಎತ್ತಿಕೊಂಡರು, ಓದಿದರು. ತಾವು ಬರೆದಿದ್ದ ವರದಿಯಲ್ಲಿ ಒಂದು ಪದದ ಮೇಲೆ ಗೀಟು ಎಳೆದರು. ಯಾವ ಪದ ಎಂದು ತೋರಿಸಲಿಲ್ಲ.

ಆದರೂ ಗಾಡಿ ಬಿಡುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ. ದೊಡ್ಡ ಸಾಹೇಬರು ಬರುವುದು ಮರುದಿನ ಹತ್ತಕ್ಕೆ. ಮನೆಯ ಕೀಲಿ ಹಲಗೆಗೆ ಹೋಯಿತು.

"ನಾಲ್ಕನೇ ನಂಬರ್ ಬಸ್ ಹಿಡೀರಿ" ಎಂದರು ಮ್ಯಾನೇಜರು, ಇಬ್ಬರನ್ನೂ ಬಾಗಿಲ ತನಕ ಬಿಟ್ಟು. "ಐದೂ ಹತ್ತಕ್ಕೆ ಬರುತ್ತೆ, ನದಿ ದಂಡೆ ಮೇಲೇ ಹೋಗುತ್ತೆ. ಸೇತುವೆ ತನಕ ಬಿಡಲ್ಲ, ತೆರೆಯೋ ಹೊತ್ತಿಗೆ ಆ ರಸ್ತೆ ಮುಚ್ಚಿರುತ್ತೆ. ಆದ್ರೆ ಎಡಗಡೆ ಕಿಟಕೀಲಿ ಕೂತ್ಕೊಳ್ಳಿ ಅಮ್ಮ. ಎರಡು ಗೋದಾಮಿನ ಮಧ್ಯೆ ಒಂದು ಸಂದು ಬರುತ್ತೆ. ಅಲ್ಲಿಂದ ಪೂರ್ತಿ ಕಾಣುತ್ತೆ. ರೆಪ್ಪೆ ಹೊಡೀಬೇಡಿ, ಅಲ್ಲಿ ಸ್ಟಾಪಿಲ್ಲ."

ನಾಲ್ಕನೇ ನಂಬರ್ ಬಂದಾಗ ಎಡಗಡೆಯ ಕಿಟಕಿ ಸೀಟು ಖಾಲಿ ಇತ್ತು. ಆ ದಿನ ಅವರ ಪಾಲಿಗೆ ಸರಿಯಾಗಿ ನಡೆದ ಸಂಗತಿ ಇದೊಂದೇ ಆದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ. ರೈಟಮ್ಮ ಕಿಟಕಿಗೆ ಕೂತು, ಸೆರಗಿನಿಂದ ಗಾಜು ಒರೆಸಿ, ತಮ್ಮ ಕೊಳವೆಯನ್ನು ಹೊರಗಿಟ್ಟುಕೊಂಡರು. ಪಕ್ಕದಲ್ಲಿ ನಿಲ್ಸಪ್ಪನವರು ಎರಡೂ ಕಾಲು ಊರಿ ಕೂತರು. ಬದುಕಿನಲ್ಲಿ ಮೊದಲ ಸಲ ಇಬ್ಬರೂ ಪ್ಯಾಸೆಂಜರು.

ಎರಡು ಸ್ಟಾಪು ಸುಖವಾಗಿ ಕಳೆಯಿತು. ಮೂರನೆಯದರಲ್ಲಿ ಯಾವುದೋ ಕಾರ್ಖಾನೆ ಬಿಟ್ಟಿತ್ತು. ಜನ ನುಗ್ಗಿದರು. ಎಲ್ಲರೂ ಬಾಗಿಲಲ್ಲೇ ನಿಂತರು. ಒಳಗೆ ಜಾಗವಿದ್ದರೂ ಒಬ್ಬನೂ ಕದಲಲಿಲ್ಲ. ಆ ಬಸ್ಸಿನ ಕಂಡಕ್ಟರನಿಗೆ ಗಂಟಲು ಕಟ್ಟಿತ್ತು. ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಬಾಯಿ ಆಡಿಸುತ್ತಿದ್ದ. ದನಿ ಹೊರಡುತ್ತಿರಲಿಲ್ಲ. ಬಾಗಿಲಲ್ಲಿ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು ಒಂದೇ ಕಾಲಲ್ಲಿ ನೇತಾಡುತ್ತಿದ್ದಳು.

ರೈಟಮ್ಮ ಒಂದು ಸಲ ತಿರುಗಿ ನೋಡಿದರು. ಮತ್ತೆ ಕಿಟಕಿಗೆ ಮುಖ ಮಾಡಿದರು. ತುಟಿ ಕಚ್ಚಿಕೊಂಡರು.

"ಸುಮ್ನೆ ಕೂತ್ಕೋ" ಎಂದರು ನಿಲ್ಸಪ್ಪನವರು.

"ಕೂತೇ ಇದ್ದೀನಲ್ಲ."

ಕಂಡಕ್ಟರ್ ಕೆಮ್ಮಿದ. ಹೆಂಗಸು "ಅಯ್ಯೋ" ಎಂದಳು.

"ಎರಡೇ ನಿಮಿಷ ರೀ" ಎಂದು ರೈಟಮ್ಮ ಎದ್ದುಬಿಟ್ಟರು. ಕಂಬ ಹಿಡಿದು, ಕಿಟಕಿಗೆ ಬೆನ್ನು ಮಾಡಿ ನಿಂತು, ಇಪ್ಪತ್ತೊಂಬತ್ತು ವರ್ಷದ ಗಂಟಲು ತೆರೆದರು. "ಏನ್ರೀ ಯಜಮಾನ್ರೇ, ಬಾಗಿಲಲ್ಲೇ ಸಂಸಾರ ಹೂಡಿದ್ರಾ? ಹಿಂದೆ ಮೈದಾನ ಬಿದ್ದಿದೆ, ನಡೀರಿ! ನೀವು, ಚೀಲ ಕೆಳಗಿಡಿ, ಅದಕ್ಕೇನು ಸೀಟ್ ಬೇಕಾ? ಕೂಸಿನಮ್ಮ ಮೇಲೆ ಬರ್ಲಿ, ದಾರಿ ಬಿಡಿ, ದಾರಿ ಬಿಡಿ!"

ಬಾಗಿಲ ಗುಂಪು ಒಳಕ್ಕೆ ಹರಿಯಿತು. ಹೆಂಗಸು ಮೇಲೆ ಬಂದಳು. ಗಂಟಲು ಕಟ್ಟಿದವನು ಕೈ ಮುಗಿದ. ಎಲ್ಲರೂ ತಮ್ಮ ಜಾಗದಲ್ಲಿ ಕೂತ ಮೇಲೆ ರೈಟಮ್ಮ ಮುಖವರಳಿಸಿ "ರೈಟ್!" ಎಂದದ್ದೂ, ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಮೊದಲನೇ ಗೋದಾಮು ಮುಗಿದದ್ದೂ ಒಂದೇ ಗಳಿಗೆಯಲ್ಲಿ.

ನಿಲ್ಸಪ್ಪನವರು ನೋಡಿದರು. ಕೂಗಬೇಕೆಂದು ಬಾಯಿ ತೆರೆದರು. ಬಾಯಿಗಿಂತ ಮೊದಲು ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಬಸ್ಸು ನಿಲ್ಲಲಿಲ್ಲ. ಎರಡನೇ ಗೋದಾಮಿನ ಗೋಡೆ ಬಂತು.

ರೈಟಮ್ಮ ಬಂದು ಕಿಟಕಿಗೆ ಕೂತರು. ಉಸಿರು ಮೇಲೇರಿತ್ತು. "ಬಂತೇನ್ರೀ ಸಂದು?"

"ಇಲ್ಲ" ಎಂದರು ನಿಲ್ಸಪ್ಪನವರು. "ಇನ್ನೂ ಮುಂದಿದೆ."

ರೈಟಮ್ಮ ಮತ್ತೆ ಗಾಜು ಒರೆಸಿದರು. ಗೋದಾಮುಗಳು ಮುಗಿದು ಮನೆಗಳು ಬಂದವು. ಮನೆಗಳು ಮುಗಿದು ಖಾಲಿ ಬಯಲು ಬಂತು. ಬೆಳಕು ಕಡಿಮೆಯಾಗುತ್ತ ಬಂತು. ಅವರು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತು, ಎಲ್ಲರೂ ಇಳಿದು, ಡ್ರೈವರು ದೀಪ ಆರಿಸಿದ ಮೇಲೂ ಇಬ್ಬರೂ ಕೂತೇ ಇದ್ದರು.

"ಹೇಗಿತ್ತು?" ಎಂದರು ರೈಟಮ್ಮ, ಗಾಜಿನ ಕಡೆಯೇ ನೋಡುತ್ತ.

"ಏನು?"

"ಸೇತುವೆ. ನಾನು ರೈಟ್ ಅಂದಾಗ ನಿಮ್ಮ ಕಾಲು ನೆಲ ಒದೀತು. ಹಲಗೆ ಅದುರಿತು. ಆ ಕಾಲು ನಂಗೆ ಗೊತ್ತಾಗಲ್ವಾ?"

ನಿಲ್ಸಪ್ಪನವರು ಅವರ ಕಡೆ ತಿರುಗಿದರು. "ಗೊತ್ತಿದ್ರೆ ಇಷ್ಟು ಹೊತ್ತು ಹೊರಗೇನು ನೋಡ್ತಿದ್ದೆ?"

"ಇನ್ನೂ ಮುಂದಿದೆ ಅಂದ್ರಲ್ಲ ನೀವು. ಅದಕ್ಕೇ ನೋಡ್ತಾ ಕೂತೆ." ಚೀಲ ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡರು. "ಹೇಳಿ, ಹೇಗಿತ್ತು?"

ಮೂವತ್ತೊಂದು ವರ್ಷ ರಸ್ತೆಯನ್ನಲ್ಲದೆ ಬೇರೇನನ್ನೂ ನೋಡದ, ಆ ರಸ್ತೆಯ ಬಗ್ಗೆಯೂ ಯಾರಿಗೂ ಏನೂ ಹೇಳದ ಮನುಷ್ಯ ಪದಗಳಿಗಾಗಿ ತಡಕಾಡಿದರು.

"ಎರಡೂ ಕಡೆ ಮೇಲಕ್ಕೆದ್ದಿತ್ತು. ಕೆಳಗೆ ಒಂದು ದೋಣಿ ಹೋಗ್ತಿತ್ತು. ಬಿಸಿಲಿತ್ತು."

"ಆಮೇಲೆ?"

"ಆಮೇಲೆ..." ಅವರ ಬಲಗಾಲು ಕತ್ತಲಲ್ಲಿ ಮತ್ತೊಮ್ಮೆ ನೆಲವನ್ನು ಮೆಲ್ಲಗೆ ಒತ್ತಿತು. "ಬಸ್ಸು ಜೋರಾಗಿ ಹೋಗ್ಬಿಡ್ತು ಕಣೇ. ನಾನಾಗಿದ್ರೆ ನಿಲ್ಲಿಸ್ತಿದ್ದೆ."

"ಅಲ್ಲಿ ಸ್ಟಾಪಿಲ್ವಲ್ರೀ."

"ಇಲ್ದಿದ್ರೂ."